ಹೆಳವ ಬರೆಯದ ಅಜ್ಜಿ

"ಗುರುಗಳೇ, ನನ್ನ ವಂಶದ ಹದಿಮೂರು ತಲೆಮಾರಿನ ಹೆಸರುಗಳು ಸಿಕ್ಕಿದವು. ಹದಿಮೂರನ್ನೂ ಬಾಯಿಪಾಠ ಮಾಡಿದ್ದೇನೆ. ಹದಿನಾಲ್ಕನೆಯದು ಎಲ್ಲಿ ಸಿಕ್ಕೀತು?"

ಓಡಿ ಬಂದ ಶಿಷ್ಯನ ಏದುಸಿರು ಇನ್ನೂ ಅಡಗಿರಲಿಲ್ಲ. ಗುರು ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ತವರು ಹೊಳೆಸಾಲಿನ ಹಳ್ಳಿ. ಕೊಟ್ಟ ಮನೆ ಇದ್ದದ್ದು ಹಳ್ಳವೂ ಹರಿಯದ ಎರೆಸೀಮೆಯಲ್ಲಿ. ನಡುವೆ ಬಂಡಿಯಲ್ಲಿ ನಾಲ್ಕು ದಿನದ ದಾರಿ. ಮದುವೆಯಾಗಿ ಬಂದ ಮೇಲೆ ಅರವತ್ತು ವರ್ಷದಲ್ಲಿ ಅವಳು ತವರಿಗೆ ಹೋದದ್ದು ಎರಡೇ ಸಲ. ಎರಡು ಸಲವೂ ಸಾವಿನ ಸುದ್ದಿ ಕೇಳಿ.

ಆ ಊರಿಗೆ ಐದು ವರ್ಷಕ್ಕೊಮ್ಮೆ ಹೆಳವ ಬರುತ್ತಿದ್ದ. ಒಕ್ಕಲು ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆಯ ಮುಂದೆ ಹಿರಿಯರ ಹೆಸರು ಕೂಗುವುದು ಅವನ ಕುಲದ ಕೆಲಸ. ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸುವವನೂ ಅವನೇ. ಕೂಗಿದ್ದಕ್ಕೆ ಮನೆಯವರು ಜೋಳ ನೀಡಬೇಕು. ಆ ಜೋಳವನ್ನು ಮೊರದಲ್ಲಿ ತಂದು ಸುರಿಯಬೇಕಾದವಳು ಮನೆಯ ಹಿರಿಯ ಹೆಂಗಸು. ಅದು ಅಲ್ಲಿಯ ಪದ್ಧತಿ.

ಆ ವರ್ಷ ಎತ್ತಿನ ಗಂಟೆ ಕೇಳಿಸಿದ್ದೇ ತಡ, ಮುದುಕಿ ಮೊರ ತುಂಬಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದಳು. ಮಕ್ಕಳು, ಮೊಮ್ಮಕ್ಕಳು, ನೆರೆಯವರು ಕಟ್ಟೆ ತುಂಬ ಕೂತರು. ಹೆಳವ ಗಂಟಲು ಸರಿಮಾಡಿಕೊಂಡು ಕೂಗಿದ. ಯಂಕನಗೌಡನ ಮಗ ಭರಮಗೌಡ, ಭರಮಗೌಡನ ಮಗ ಚನವೀರಗೌಡ... ಎಂಟು ತಲೆಮಾರು ಒಂದೇ ದಮ್ಮಿಗೆ ಇಳಿದು ಬಂದವು. ಕೊನೆಗೆ ತೊಟ್ಟಿಲಲ್ಲಿದ್ದ ಮರಿಮಗನನ್ನೂ ಬರೆದುಕೊಂಡು ಹೊತ್ತಿಗೆ ಮಡಚಿದ. ಚೀಲದ ಬಾಯಿ ಬಿಚ್ಚಿ ಹಿಡಿದ.

ಮುದುಕಿ ಮೊರ ಬಗ್ಗಿಸಲಿಲ್ಲ.

ಹನ್ನೆರಡು ಸಲ ಅವಳು ಈ ಎತ್ತಿನ ಗಂಟೆ ಕೇಳಿದ್ದಳು. ಅತ್ತೆ ತೀರಿಕೊಂಡ ಮೇಲೆ ಪ್ರತಿ ಸಲವೂ ತಾನೇ ಜೋಳ ಸುರಿದಿದ್ದಳು. ಮುಂದಿನ ಸಲಕ್ಕೆ ತಾನಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬರೆಸುವುದಿದ್ದರೆ ಇವತ್ತೇ.

"ನಮ್ಮ ಆಯೀನ್ನೂ ಬರ್ಕೊ," ಅಂದಳು. "ನಮ್ಮವ್ವನ ಅವ್ವ."

ಹೆಳವ ನಕ್ಕ. "ಹೆಣ್ಮಕ್ಕಳನ್ನ ಬರಿಯೋ ಪದ್ಧತಿ ಇಲ್ಲ ಯವ್ವಾ. ಅದರಾಗೂ ನಿನ್ನ ತವರಿನ ಮಂದಿ."

"ಹಂಗಾರ ನಿನ್ನ ಹೊತ್ತಿಗ್ಯಾಗ ಇದ್ದವರೇ ಎದ್ದು ಬಂದು ಜೋಳ ನೀಡಲಿ!"

ಕಟ್ಟೆಯ ಮೇಲಿದ್ದವರು ಹೋ ಎಂದು ನಕ್ಕರು. ಮಗನಿಗೆ ಮಾತ್ರ ನಾಚಿಕೆಯಾಯಿತು. "ಯವ್ವಾ, ನೀಡಿ ಕಳಿಸು. ಊರು ನೋಡಾಕತ್ತೈತಿ," ಅಂದ. ಮುದುಕಿ ಅವನತ್ತ ತಿರುಗಲೂ ಇಲ್ಲ.

ಹೆಳವನೂ ವಯಸ್ಸಾದವನೇ. ತುಂಬಿದ ಮೊರವನ್ನು ನೋಡಿದ, ಅದನ್ನು ಬಗ್ಗಿಸದೆ ನಿಂತವಳನ್ನು ನೋಡಿದ. ಮತ್ತೆ ಹೊತ್ತಿಗೆ ಬಿಚ್ಚಿದ. "ಆಗಲಿ, ನನ್ನ ಕಾಲಕ್ಕ ಇದೊಂದು ಆಗಿ ಹೋಗಲಿ. ಹೆಸರು ಹೇಳು."

ಮುದುಕಿ ಬಾಯಿ ತೆರೆದಳು.

"ನಿಂಗ... ಅಲ್ಲ, ನೀಲ... ತಡಿ, ತಡಿ, ನಾಲಿಗಿ ಮ್ಯಾಲೇ ಐತಿ."

ನಾಲಿಗೆಯ ಮೇಲೆ ಇರಲಿಲ್ಲ. ಅವಳ ಅವ್ವ ಆ ಹೆಂಗಸನ್ನು ಯವ್ವಾ ಎನ್ನುತ್ತಿದ್ದಳು. ಇವಳು ಆಯಿ ಎನ್ನುತ್ತಿದ್ದಳು. ಊರವರಿಗೆ ಅವಳು ಬರೀ ಸೂಲಗಿತ್ತಿ. ಹೆಸರು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಆಯಿಯ ಮನೆಯಲ್ಲೇ ಬೆಳೆದು, ಹತ್ತು ವರ್ಷ ಅವಳ ಮಗ್ಗುಲಲ್ಲೇ ಮಲಗಿದ ಇವಳಿಗೂ ತೋಚಿರಲಿಲ್ಲ.

ಮುದುಕಿಯ ಮುಖ ಒಂದು ಗಳಿಗೆ ಬಾಡಿತು. ಒಂದೇ ಗಳಿಗೆ. ಆಮೇಲೆ ಮೊರವನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಶುರುಮಾಡಿಯೇಬಿಟ್ಟಳು.

ಆಗ ಶ್ರಾವಣ. ಹೊಳೆ ದಂಡೆ ಮೀರಿ ಹರಿಯುತ್ತಿತ್ತು. ಆಯಿ ತನ್ನ ಮಗಳನ್ನು ಹೆರಿಗೆಗೆ ಕರೆತರಬೇಕು ಎನ್ನುವಷ್ಟರಲ್ಲಿ, ದಿನ ತುಂಬುವ ಮೊದಲೇ, ಆಚೆ ದಂಡೆಯ ಗಂಡನ ಮನೆಯಲ್ಲಿ ಬೇನೆ ಎದ್ದಿತು. ಆಚೆಯವರು ದಂಡೆಗೆ ಬಂದು ಕೆಂಪು ಸೀರೆ ಬೀಸಿ ಸುದ್ದಿ ಮುಟ್ಟಿಸಿದರು. ಅಂಬಿಗ ಹರಿಗೋಲು ಬಿಡಲೊಲ್ಲೆ ಎಂದ. ಆಯಿ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಮನೆಗೆ ಹೋಗಿ ನಾಲ್ಕು ಒಣ ಸೋರೆಬುರುಡೆ ತಂದು, ತೇಲಲೆಂದು ಸೊಂಟಕ್ಕೆ ಬಿಗಿದುಕೊಂಡಳು. ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಇಳಿದೇಬಿಟ್ಟಳು! ಊರು ಊರೇ ಬಾಯಿ ಬಡಿದುಕೊಂಡಿತು. ಹೊಳೆ ಅವಳನ್ನು ಹರದಾರಿ ಕೆಳಗೆ ಒಯ್ದು ಆಚೆ ದಂಡೆಗೆ ಎಸೆಯಿತು. ಅಷ್ಟು ದೂರವನ್ನೂ ಕೆಸರಲ್ಲಿ ನಡೆದು ಬಂದಳು. ಅಳುತ್ತ ಎದುರಾದ ಬೀಗರಿಗೆ ಅವಳಾಡಿದ ಮೊದಲ ಮಾತು: "ಅಳೋದು ಆಮ್ಯಾಲ. ನೀರು ಕಾಸ್ರಿ."

ಇದನ್ನು ಹೇಳುವಾಗ ಮುದುಕಿ ಕೂತಿರಲಿಲ್ಲ. ಅಂಗಳದ ತುಂಬ ತೋಳು ಬೀಸಿ ಈಜುತ್ತಿದ್ದಳು. ಹೊಳೆಯನ್ನೇ ಕಾಣದ ಮೊಮ್ಮಕ್ಕಳು ಕಾಲು ಮೇಲೆತ್ತಿಕೊಂಡು ಕೂತಿದ್ದವು.

"ಹೊತ್ತು ಮುಳುಗೋದರಾಗ ಕೂಸು ಬಂತು. ಅಳವಲ್ದು! ಆಯಿ ಕಾಲು ಹಿಡಿದು ತಲಿಕೆಳಗ ಮಾಡಿ, ಬೆನ್ನಿಗೆ ಎರಡು ಕೊಟ್ಟಳು. ಅತ್ತಿತು. ಆ ಕೂಸು ನಾನು!"

ಹೆಳವನ ಲೇಖನಿ ಹಿಡಿದಲ್ಲೇ ಇತ್ತು.

"ಭಾಳ ಚಲೋ ಐತಿ ಯವ್ವಾ," ಅಂದ. "ಆದರ ಮುಂದಿನ ಸಲ ಬಂದು ಏನಂತ ಕೂಗಲಿ? ಹೆಸರಿಲ್ಲದವರನ್ನ ಕೂಗಾಕ ಬರೂದಿಲ್ಲ."

"ನೀ ಕೂಗಿದ ಭರಮಗೌಡ ಏನು ಮಾಡಿದ್ದ?"

ಹೆಳವ ಹಾಳೆ ತಿರುವಿದ. ಇನ್ನೊಂದು ತಿರುವಿದ. "ಅದು ಇದರಾಗ ಇಲ್ಲ."

"ಚನವೀರಗೌಡ?"

"ಅವಂದೂ ಇಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವನು ಹೆಳವ. ಮುದುಕಿಗೂ ನಗು ತಡೆಯಲಿಲ್ಲ. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನ ಕೆಲಸವನ್ನು ಅವನು ಮಾಡಿದ್ದ. ಮೊರ ಎತ್ತಿ ಚೀಲಕ್ಕೆ ಜೋಳ ಸುರಿದಳು, ಮೇಲೆ ಒಂದು ಬೊಗಸೆ ಹೆಚ್ಚಿಗೆ ಹಾಕಿದಳು. ಕೈ ಕೊಡವಿಕೊಂಡು, ಅಕ್ಷರ ಕಲಿತಿದ್ದ ಮೊಮ್ಮಗಳ ರಟ್ಟೆ ಹಿಡಿದಳು.

"ಕಾಗದ ತಾ. ಹೆಸರಿನ ಜಾಗಾ ಖಾಲಿ ಬಿಡು, ಹೊಳಿಯಿಂದ ಶುರು ಮಾಡು. ಬರಿ!"

ಗುರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ, "ಆ ಹೆಸರು ಕೊನೆಗಾದರೂ ಸಿಕ್ಕಿತೇ ಗುರುಗಳೇ?" ಎಂದು ಕೇಳಿದ.

ಗುರು ಹೇಳಿದರು: "ಹೆಸರು ಆಮೇಲೆ ಹುಡುಕೋಣ, ನಿನ್ನ ಹದಿಮೂರು ಮಂದಿಯಲ್ಲಿ ಹೊಳೆಗೆ ಇಳಿದವರು ಯಾರು, ಹೇಳು."