ಚಳಿಯ ಗಂಟು ಹೊತ್ತ ಕ್ರೌಂಚ

“ಭೂಮಿ ಇನ್ನೂ ಹಸಿ ಇದ್ದ ಕಾಲದ ಮಾತು ಹೇಳ್ತೀನಿ, ದಾನವ್ವಾ. ಮೊದಲು ಕೈಯಾಗಿನ ಆ ಹೆಂಟಿ ಕೆಳಗ ಇಡು,” ಎಂದೆ.

ನನ್ನ ಮೊಮ್ಮಗಳು ಮಣ್ಣಿನ ಹೆಂಟೆಯನ್ನು ಕೆಳಗಿಡಲಿಲ್ಲ. ಬೆಳಕು ಆಗಷ್ಟೇ ಹರಿದಿತ್ತು. ಭೀಮೆಯ ದಂಡೆಯ ನಮ್ಮ ಕಡಲೆ ಹೊಲದಲ್ಲಿ ಕ್ರೌಂಚ ಹಕ್ಕಿಗಳ ಹಿಂಡು ಇಳಿದಿತ್ತು. ಉದ್ದ ಕಾಲು, ಬೂದಿ ಬಣ್ಣದ ಮೈ, ಕರಿಯ ಕೊರಳು, ಕೆಂಪು ಕಣ್ಣು. ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು.

“ಆಯಿ, ಅವು ನಮ್ಮ ಕಡ್ಲಿ ತಿನ್ನಾಕತ್ತಾವ!”

“ತಿನ್ನಲಿ ಬಿಡು. ತಾವು ಹೊತ್ತು ತಂದದ್ದನ್ನ ತಾವು ತಿಂತಾವ.”

“ಬಿತ್ತಿದಾವ ನಮ್ಮಪ್ಪ. ಇವೇನು ಹೊತ್ತು ತಂದವು?”

ಇವಳು ಸುಮ್ಮನಾಗುವವಳಲ್ಲ. ಹಿಂದಿನ ಸಂಜೆ ಕಡಲೆ ಗಿಡಗಳ ಮೇಲೆ ಹಾಸಿದ್ದ ಹಳೆಯ ಧೋತರವನ್ನು ನಾನು ಎತ್ತಿಕೊಂಡೆ. ಇರುಳೆಲ್ಲ ಇಬ್ಬನಿ ಕುಡಿದು ಅದು ಭಾರವಾಗಿತ್ತು. ಹಿಂಡಿದರೆ ಕಡಲೆಯ ಹುಳಿನೀರು ಬರುತ್ತದೆ. ಬಾಟಲಿಯಲ್ಲಿ ತೆಗೆದಿಟ್ಟರೆ ಹೊಟ್ಟೆನೋವಿಗೆ ಮದ್ದು. ಮಣಿಕಟ್ಟು ನೋಯುತ್ತಿತ್ತು.

“ನಾ ಹಿಂಡ್ಲೇನು, ಆಯಿ?”

“ಬ್ಯಾಡ, ನಿನಗ ಬರಂಗಿಲ್ಲ. ನಲವತ್ತು ವರ್ಷ ಆತು, ನಾನ ಹಿಂಡಾಕತ್ತೀನಿ.”

ಹಾಗೆಂದು, ಹಿಂಡುತ್ತಲೇ ಕಥೆ ಹಿಡಿದೆ.

ಆಗ ಶಿವಪ್ಪ ಭೂಮಿಯನ್ನು ಮಾಡಿ ಆರಲು ಬಿಟ್ಟಿದ್ದ. ಮಳೆಯನ್ನು ಎಲ್ಲ ಸೀಮೆಗೂ ಹಂಚಿದ್ದ. ಬಿಸಿಲನ್ನು ಎಲ್ಲ ಸೀಮೆಗೂ ಹಂಚಿದ್ದ. ಚಳಿಯನ್ನು ಮಾತ್ರ ಬಡಗಣ ದಿಕ್ಕಿನಲ್ಲಿ, ದೊಡ್ಡ ಬೆಟ್ಟಗಳ ಆಚೆ, ಒಂದೇ ಕಡೆ ರಾಶಿ ಹಾಕಿದ್ದ. ಹಂಚುವುದನ್ನು ಮರೆತನೇ? ಅವನು ಮರೆಯುವವನಲ್ಲ. ಯಾರಿಗಾದರೂ ಆ ಸೇವೆ ಸಿಗಲಿ ಎಂದು ಉಳಿಸಿದ್ದ.

ಇಲ್ಲಿ ನಮ್ಮ ಎರೆಭೂಮಿ ತಾಯಿ ಮೊಟ್ಟಮೊದಲ ಕಡಲೆಯನ್ನು ಹೆತ್ತಳು. ಗಿಡ ಬೆಳೆಯಿತು, ಮೊಗ್ಗು ಬಿಟ್ಟಿತು. ಆದರೆ ಚಳಿಯಿಲ್ಲ, ಇಬ್ಬನಿಯಿಲ್ಲ. ಮೊಗ್ಗು ಬಾಡತೊಡಗಿತು.

“ಶಿವಪ್ಪಾ, ಮಳಿ ಕೊಟ್ಟಿ, ಬಿಸಿಲು ಕೊಟ್ಟಿ. ಆದ್ರೂ ನನ್ನ ಕೂಸು ಕಾಯಿ ಕಟ್ಟವಲ್ದು. ಒಂದು ಗಂಟು ಚಳಿ ಕಳಸು,” ಎಂದು ಅವಳು ಬೇಡಿಕೊಂಡಳು. “ಹುಣ್ಣಿವಿ ತನಕ ಹ್ಯಾಂಗರ ತಡಕೋತದ. ಆಮ್ಯಾಲ ಉಳಿಯಂಗಿಲ್ಲ.”

ಶಿವಪ್ಪ ಹಕ್ಕಿಗಳನ್ನು ಕರೆದು, ಯಾರು ಒಯ್ಯುತ್ತೀರಿ ಎಂದು ಕೇಳಿದ.

ಗಿಡುಗ ತನಗೆ ಬೆನ್ನುನೋವು ಎಂದಿತು.

ಕಾಗೆ ಕೊರಳು ಓರೆ ಮಾಡಿ, “ಚಳಿ ತಿನ್ನಾಕ ಬರತದೇನು?” ಎಂದಿತು.

“ಬರಂಗಿಲ್ಲ.”

“ಹಂಗಾದ್ರ ನಾ ಒಲ್ಲೆ.”

ಕೊನೆಗೆ ಒಬ್ಬ ಕ್ರೌಂಚಿ ಮುಂದೆ ಬಂದಳು. ಆಗ ಅವಳು ತಲೆಯಿಂದ ಬಾಲದ ತನಕ ಹಾಲಿನಂತೆ ಬಿಳಿ. ಗಂಡನಿದ್ದ, ಆಗಷ್ಟೇ ಹಾರಲು ಕಲಿತ ಎರಡು ಮರಿಗಳಿದ್ದವು, ದೊಡ್ಡ ಬಳಗವಿತ್ತು.

“ನಾ ಒಯ್ತೀನಿ, ಯಪ್ಪಾ.”

ಶಿವಪ್ಪ ಚಳಿಯನ್ನು ಗಂಟು ಕಟ್ಟಿ ಅವಳ ಕೊರಳಿಗೆ ತೂಗುಹಾಕಿದ. “ದಾರಿಯಾಗ ನೆಲಕ್ಕ ಇಳಸಬ್ಯಾಡ. ಇಳಸಿದಲ್ಲೇ ಕರಗಿ ಹೋಗತದ. ನಿನ್ನ ಬಳಗಾನೂ ಕರಕೊಂಡು ಹೋಗು,” ಎಂದ.

ಮೊದಲ ಮಾತನ್ನು ಅವಳು ಎದೆಯಲ್ಲಿಟ್ಟುಕೊಂಡಳು. ಕೊನೆಯ ಮಾತು ದಾರಿಯ ಜೊತೆಗಷ್ಟೇ ಇರಬೇಕು ಎಂದುಕೊಂಡಳು.

ಹೊರಟರು. ಮುಂದೆ ಅವಳು, ಹಿಂದೆ ಬಳಗ. ಮೊದಲ ದಿನವೇ ಗಂಡ ಪಕ್ಕಕ್ಕೆ ಬಂದ.

“ಸ್ವಲ್ಪ ಹೊತ್ತು ನಾ ಹೊರ್ತೀನಿ, ಕೊಡು.”

“ಬ್ಯಾಡ. ಶಿವಪ್ಪ ನನ್ನ ಕೊರಳಿಗೆ ಕಟ್ಟ್ಯಾನ.”

ದೊಡ್ಡ ಬೆಟ್ಟ ಬಂತು. ಬೆಟ್ಟದ ಗಾಳಿ ಎದುರಿಗೆ ನಿಂತು ನಕ್ಕಿತು. “ಏನವ್ವಾ ಬಿಳಿ ಹಕ್ಕಿ, ಇದ್ದಬದ್ದ ಗಾಳಿಯೆಲ್ಲಾ ನಿನ್ನ ಎದೀಗೇ ಬೇಕೇನು? ಹಿಂದ ಇಷ್ಟು ಮಂದಿ ನಿನ್ನ ಮರೆಯಾಗ ಆರಾಮ ಬರಾಕತ್ತಾರಲ್ಲ!”

“ಬೀಸೋದು ನಿನ್ನ ಕೆಲಸ, ಬೀಸು. ಹೊರೋದು ನನ್ನ ಕೆಲಸ.”

ಗಾಳಿ ಬೀಸಿತು. ಹಿಮ ಹಾರಿ ಬಂದು ಅವಳ ಕಣ್ಣುಗಳ ಹಿಂದೆ ಕುಚ್ಚು ಕುಚ್ಚಾಗಿ ಅಂಟಿಕೊಂಡಿತು. ಗಂಡ ಮತ್ತೆ ಪಕ್ಕಕ್ಕೆ ಬಂದ.

“ಈಗರ ಕೊಡು.”

“ಬ್ಯಾಡ.”

ಇರುಳಾದರೆ ಬಳಗವೆಲ್ಲ ಹೊಳೆಯ ಮರಳಿನ ಮೇಲೆ ನಿದ್ದೆಹೋಗುತ್ತಿತ್ತು. ಅವಳಿಗೆ ನಿದ್ದೆಯಿಲ್ಲ. ಕೊರಳು ಬಾಗಿದರೆ ಗಂಟು ನೆಲಕ್ಕೆ ತಾಗೀತು. ಒಂಟಿ ಕಾಲಲ್ಲಿ ನಿಂತು ಶಿವಶಿವಾ ಎನ್ನುತ್ತಾ ಬೆಳಗು ಮಾಡುತ್ತಿದ್ದಳು. ಹತ್ತು ಇರುಳು ಹೀಗೇ ಕಳೆದವು.

“ಅವ್ವಾ, ನಿನ್ನ ಕಣ್ಣು ಕೆಂಪಾಗ್ಯಾವ,” ಎಂದಿತು ಕಿರಿಯ ಮರಿ.

“ಧೂಳು ಬಿದ್ದದ.”

“ಗಂಟು ನಾ ಹಿಡೀಲೇನು?”

“ಬ್ಯಾಡ, ನಿನಗ ಬರಂಗಿಲ್ಲ.”

(“ಆಯಿ, ನೀನೂ ಹಂಗ ಅಂದಿ,” ಎಂದಳು ದಾನವ್ವ. “ಕಥಿ ಕೇಳು,” ಎಂದೆ.)

ದಣಿವು ಹೇಗಿತ್ತೆಂದರೆ, ರೆಕ್ಕೆ ತನ್ನದು ಅನ್ನಿಸುತ್ತಿರಲಿಲ್ಲ. ನೆನೆದ ಬಟ್ಟೆಯನ್ನು ಯಾರೋ ಬೆನ್ನಿಗೆ ಕಟ್ಟಿದಂತಿತ್ತು. ಒಂದು ಸಲ ಎತ್ತುವುದು, ಒಂದು ಸಲ ಇಳಿಸುವುದು. ಮತ್ತೆ ಎತ್ತುವುದು, ಮತ್ತೆ ಇಳಿಸುವುದು. ಹಗಲೆಲ್ಲ ಅಷ್ಟೇ.

ಹುಣ್ಣಿಮೆಯ ದಿನ ಬಂತು. ದೂರದಲ್ಲಿ ಕಪ್ಪು ನೆಲ ಕಂಡಿತು. ಭೀಮೆ ಕೆಳಗಿನಿಂದ ಕೂಗಿದಳು, “ಬಾರವ್ವಾ, ಬಂದ ಬಿಟ್ಟಿ! ಇನ್ನ ಒಂದ ಹರದಾರಿ!”

ಆ ಒಂದು ಹರದಾರಿಯಲ್ಲೇ ರೆಕ್ಕೆ ನಿಂತಿತು. ಎತ್ತಬೇಕೆಂದಳು, ಏಳಲಿಲ್ಲ. ಗಂಟಿನ ಸಮೇತ ಬೀಳತೊಡಗಿದಳು. ಗಂಟು ನೆಲಕ್ಕೆ ತಾಗಿದರೆ ಚಳಿ ಅಲ್ಲೇ ಕರಗುತ್ತದೆ, ಸಂಜೆಗೆ ಮೊಗ್ಗು ಉದುರುತ್ತದೆ. ಇಷ್ಟು ದಿನದಲ್ಲಿ ಒಮ್ಮೆಯೂ ಆಡದ ಮಾತನ್ನು ಆಗ ಅವಳು ಆಡಿದಳು.

“ಹಿಡೀರಿ! ನನ್ನ ಕೈಲೆ ಆಗವಲ್ದು, ಹಿಡೀರಿ!”

ಕಿರಿಯ ಮರಿ ಬಾಣದಂತೆ ಅವಳ ಕೆಳಗೆ ನುಗ್ಗಿ ಗಂಟಿಗೆ ಕೊರಳು ಕೊಟ್ಟಿತು. ಅದಕ್ಕೆ ಭಾರವಾಯಿತು, ಅಪ್ಪ ಹಿಡಿದ. ಅಪ್ಪನಿಂದ ಅತ್ತೆ, ಅತ್ತೆಯಿಂದ ಮಾವ. ಕೊರಳಿಂದ ಕೊರಳಿಗೆ ಗಂಟು ಹೋಯಿತೇ ಹೊರತು ನೆಲಕ್ಕೆ ತಾಗಲಿಲ್ಲ. ಹೀಗೆ ಕೊರಳು ಬದಲಾಗುವಾಗ ಗಂಟು ಸಡಿಲಿ, ಚಳಿ ಹನಿ ಹನಿಯಾಗಿ ಇಡೀ ಎರೆ ಸೀಮೆಯ ಮೇಲೆ ಉದುರಿತು. ಅದೇ ಮೊದಲ ಇಬ್ಬನಿ. ಒಬ್ಬಳೇ ತಂದಿದ್ದರೆ ಒಂದು ಗಿಡದ ಬುಡಕ್ಕೆ ಆಗುತ್ತಿತ್ತೇನೋ. ಈಗ ಮೊಗ್ಗು ಮೊಗ್ಗಿಗೂ ಸಿಕ್ಕಿತು.

ಕ್ರೌಂಚಿ ಮಾತ್ರ ಎದೆಯಡಿಯಾಗಿ ಹಸಿ ಎರೆಮಣ್ಣಿಗೆ ಬಿದ್ದಳು. ಭೂಮಿತಾಯಿ ಮೆತ್ತಗಾಗಿ ಅವಳನ್ನು ಹಿಡಿದುಕೊಂಡಳು. ಜೀವ ಉಳಿಯಿತು. ಕೊರಳಿಗೂ ಎದೆಗೂ ಕರಿಮಣ್ಣು ಮೆತ್ತಿಕೊಂಡಿತು.

ಆ ಹೊತ್ತಿಗೆ ಬದುವಿನ ಮೇಲೆ ಒಬ್ಬ ಮುದಿ ಜಂಗಮ ಬಂದ. ಕೈಯಲ್ಲಿ ಕೋಲು, ಸೊಂಟದಲ್ಲಿ ವಿಭೂತಿ ಚೀಲ. ಶಿವಪ್ಪನೇ.

“ಏಳವ್ವಾ.”

“ಏಳಾಕ ಆಗವಲ್ದು, ಯಪ್ಪಾ. ನಿನ್ನ ಸೇವಾ ಕೆಟ್ಟಿತೇನು?”

“ಸುತ್ತ ನೋಡು.”

ನೋಡಿದಳು. ಹೊಲವೆಲ್ಲ ಹನಿ ಹೊಳೆಯುತ್ತಿತ್ತು. ಅವಳಿಗೆ ಅಳು ಬಂತು.

“ಒಬ್ಬಾಕೀನ ಹೊರು ಅಂತ ನಾ ಅಂದಿದ್ನೇನು?”

“ಇಲ್ಲ, ಯಪ್ಪಾ. ಆದ್ರ ಕೆಲಸ ನಿಂದು. ಬ್ಯಾರೆಯವರಿಗೆ ಹ್ಯಾಂಗ ಕೊಡ್ಲಿ ಅಂದೆ.”

“ಕೆಲಸ ನಂದು ಅಂದಮ್ಯಾಲ, ಅವರೂ ನನ್ನವರ ಅಲ್ಲೇನು?”

ಶಿವಪ್ಪ ಚೀಲ ಬಿಚ್ಚಿ ಅವಳ ಮೈಗೆಲ್ಲ ವಿಭೂತಿ ಬಳಿದ, ನೋವು ಇಳಿಯಿತು. ಅಂದಿನಿಂದ ಅವಳ ಮೈಗೆ ಬೂದಿಯ ಬಣ್ಣ. ಕೊರಳಿನ ಮಣ್ಣು ಒರೆಸಲು ಹೋದಾಗ ಅವಳು, “ಅದು ಇರಲಿ. ಬೀಳುವಾಗ ನನ್ನ ಹಿಡಿದ ಮಣ್ಣು ಅದು,” ಎಂದಳು.

“ಏನರ ಬೇಡಿಕೋ,” ಎಂದ ಶಿವಪ್ಪ.

ಅವಳು ಸೋತ ರೆಕ್ಕೆಗಳನ್ನು ಮಡಿಸಿಕೊಂಡಳು. “ದಣಿದೀನಿ, ಯಪ್ಪಾ. ವರ್ಷಾ ವರ್ಷಾ ಹೋಗಿ ಬರ್ತೀನಿ, ಒಲ್ಲೆ ಅನ್ನಂಗಿಲ್ಲ. ಗೂಡು ಕಟ್ಟೋ ಕೆಲಸ ಒಂದ ಬಿಡಿಸು.”

ಶಿವಪ್ಪನಿಗೆ ನಗು ಬಂತು, ಬಿಡಿಸಿದ. ಅದಕ್ಕೇ ಬಡಗಣ ಹುಲ್ಲುಗಾವಲಿನಲ್ಲಿ ಈಗಲೂ ಕ್ರೌಂಚಿ ಬರಿನೆಲದ ಮೇಲೆ ಎರಡು ಮೊಟ್ಟೆ ಇಡುತ್ತಾಳೆ. ಕಳ್ಳರ ಕಣ್ಣಿಗೆ ಬೀಳದಿರಲಿ ಎಂದು ಶಿವಪ್ಪ ಆ ಮೊಟ್ಟೆಗಳಿಗೆ ಮಣ್ಣಿನ ಬಣ್ಣ ಕೊಟ್ಟ. ಮರಿಗಳ ಕೊರಳು ಮೊದಲು ಕಪ್ಪಿರುವುದಿಲ್ಲ. ದಾರಿ ನಡೆದು, ಭಾರಕ್ಕೆ ಕೊರಳು ಕೊಟ್ಟಮೇಲೆ ಕಪ್ಪಾಗುತ್ತದೆ.

ಕಥೆ ಮುಗಿಯುವಷ್ಟರಲ್ಲಿ ಹೊಲದ ಹಕ್ಕಿಗಳು ಕರ್ರ್ ಕರ್ರ್ ಎನ್ನುತ್ತಾ ಎದ್ದವು. ಆಕಾಶದಲ್ಲಿ ಸಾಲು ಕಟ್ಟಿದವು. ಸ್ವಲ್ಪ ದೂರ ಹೋಗುವುದರೊಳಗೆ ದಾನವ್ವ ಕೂಗಿದಳು, “ಆಯಿ, ಮುಂದ ಇದ್ದದ್ದು ಹಿಂದ ಬಂತು! ಬ್ಯಾರೇದು ಮುಂದ ಹೋತು!”

ಆಮೇಲೆ ಅವಳು ನನ್ನ ಕೈ ನೋಡಿದಳು. ಧೋತರ ಇನ್ನೂ ಅರ್ಧ ಹಿಂಡುವುದಿತ್ತು. ಅವಳ ಕೈಯ ಹೆಂಟೆ ಯಾವಾಗ ಕೆಳಗೆ ಬಿದ್ದಿತ್ತೋ, ಕೈ ಬರಿದಾಗಿತ್ತು. ನಾನು ಧೋತರದ ಒಂದು ತುದಿಯನ್ನು ಆ ಕೈಗೆ ಕೊಟ್ಟೆ.

“ಹಿಡಿ. ನೀ ಆ ಕಡಿ ತಿರುವು, ನಾ ಈ ಕಡಿ ತಿರುವತೀನಿ.”

“ನನಗ ಬರಂಗಿಲ್ಲ ಅಂದಿದ್ದಿ?”

“ಅಂದಿದ್ದೆ ಬಿಡವ್ವಾ. ತಿರುವು.”

ಹುಳಿನೀರು ಧಾರೆಯಾಗಿ ಬಟ್ಟಲಿಗೆ ಇಳಿಯಿತು.

ಅಂದು ಆ ತಾಯಿ ಹಿಡೀರಿ ಎಂದು ಕೂಗಿದ್ದರಿಂದಲೇ, ಇಂದಿಗೂ ಕ್ರೌಂಚಗಳು ಬಂದಮೇಲೆ ನಮ್ಮ ಕಡಲೆಗೆ ಇಬ್ಬನಿ ಬೀಳುತ್ತದೆ, ಮತ್ತು ಸಾಲಿನ ಮುಂದಿನ ಹಕ್ಕಿ ದಣಿದಾಗ ಒಮ್ಮೆ ಕರ್ರ್ ಎಂದು ಹಿಂದೆ ಸರಿದು, ಹಿಂದಿನದಕ್ಕೆ ಗಾಳಿಯನ್ನು ಒಪ್ಪಿಸುತ್ತದೆ.