ಮಜ್ಜಿಗೆಗೆ ಗೊತ್ತಾದ ಅಪ್ಪಣೆ

"ನಾನು 'ಓಡು' ಅಂದ್ರೆ ಆ ಕ್ಷಣವೇ ಓಡಬೇಕು. 'ನಿಲ್ಲು' ಅಂದ್ರೆ ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲಬೇಕು. ಶಿಸ್ತು ಅಂದ್ರೆ ಅದು!"

ದಳವಾಯಿ ಭೈರೋಜಿ ಮೀಸೆ ತೀಡಿ ಹೀಗೆ ಜಂಬ ಕೊಚ್ಚುವುದನ್ನು ಬಿಳಿಗಲ್ಲು ಪಾಳೆಯದವರು ಕೇಳಿ ಕೇಳಿ ಬೇಸತ್ತಿದ್ದರು. ಕುದುರೆಗಳೇನೋ ಪಾಪ, ಸಹಿಸಿಕೊಂಡಿದ್ದವು. ಆದರೆ ಪುಣ್ಯಾತ್ಮ ಅದೇ ಕಟ್ಟಳೆಯನ್ನು ಪಲ್ಲಕ್ಕಿ ಹೊರುವ ಬೋಯಿಗಳ ಮೇಲೂ ಹೇರಿದ.

ಬೋಯಿಗಳಿಗೆ ಅವರದೇ ಒಂದು ಪದ್ಧತಿಯಿತ್ತು. ಮುಂದಿನ ಆಳು "ಹೋ ಹುಂ" ಎಂದು ಕೂಗು ಹಾಕುತ್ತಾನೆ, ಹಿಂದಿನವರು ಓಗೊಡುತ್ತಾರೆ. ಕೂಗು ನಿಧಾನಕ್ಕೆ ಶುರುವಾಗಿ ಬರಬರುತ್ತ ಬಿರುಸಾಗುತ್ತದೆ, ಕಾಲೂ ಅದರ ಜೊತೆಗೇ. ನಿಲ್ಲುವ ಜಾಗ ಇನ್ನೂ ದೂರವಿರುವಾಗಲೇ ಕೂಗು ಇಳಿಯತೊಡಗುತ್ತದೆ. ಭೈರೋಜಿಯ ಕಿವಿಗೆ ಇದು ದನ ಅಟ್ಟುವ ಗದ್ದಲ. "ಬಾಯಿ ಮುಚ್ಕೊಂಡು ಹೊರ್ರೋ. ಅಪ್ಪಣೆ ನಾನು ಕೊಡ್ತೀನಿ" ಎಂದುಬಿಟ್ಟ.

ಅವನ ಮಗಳ ನಿಶ್ಚಿತಾರ್ಥದ ದಿನ ಬಂತು. ಭೈರೋಜಿ ಪಲ್ಲಕ್ಕಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತ ಹೊರಟ. ಬೀಗರ ಬಾಗಿಲಿಗೆ ಬರುತ್ತಲೇ "ನಿಲ್ಲಿ!" ಎಂದು ಗುಡುಗಿದ. ಬೋಯಿಗಳು ನಿಂತರು. ಮಜ್ಜಿಗೆ ನಿಲ್ಲಲಿಲ್ಲ. ಹೊಸ ರೇಷ್ಮೆ ಅಂಗಿಯೆಲ್ಲ ತೊಯ್ದು ತೊಪ್ಪೆಯಾಯಿತು. ಬೀಗಿತ್ತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಮರುದಿನ ಅರಮನೆಯಲ್ಲಿ ಭೈರೋಜಿಯ ದೂರು: "ಪ್ರಭು, ಈ ಓಬಳ ಮತ್ತು ಅವನ ಆಳುಗಳು ಬೇಕಂತಲೇ ಅಡ್ಡಾದಿಡ್ಡಿ ಓಡಿ ನನ್ನ ಮಾನ ಕಳೆದರು. ಇವರನ್ನು ಊರು ಬಿಡಿಸಿ."

ಬೋಯಿಗಳ ಯಜಮಾನ ಓಬಳ ಕೈಮುಗಿದು ನಿಂತಿದ್ದ. "ಬುದ್ಧೀ, ನಮ್ಮಪ್ಪ, ನಮ್ಮ ತಾತ ಎಲ್ಲ ಇದೇ ಹೆಗಲ ಮೇಲೆ ನಿಮ್ಮ ಮನೆಯೋರನ್ನ ಹೊತ್ತೋರು. ಊರು ಬಿಟ್ಟು ಎಲ್ಲಿಗೆ ಹೋಗ್ಲಿ? ಹನ್ನೆರಡು ಮನೆ ಐತೆ ನಮ್ಮದು."

ಪಾಳೆಯಗಾರ ಸೋಮಣ್ಣ ನಾಯಕರು ಕನಿಕರದಿಂದ ನೋಡಿದರು. ಆದರೆ ದಳವಾಯಿಯ ಮಾತನ್ನು ತೆಗೆದುಹಾಕುವುದು ಹೇಗೆ? ಆಸ್ಥಾನದ ಗಿರಿಯಣ್ಣನ ಕಡೆ ತಿರುಗಿದರು. ಬಾಯಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು ಎಂದು ಹೆಸರಾದವನು ಅವನು.

"ಏನಯ್ಯ ಗಿರಿಯಣ್ಣ, ನೀನೇನಂತೀಯ?"

"ಮಜ್ಜಿಗೇನೇ ಸಾಕ್ಷಿ ಕೇಳೋಣ ಪ್ರಭು. ತಾವು ಬಟ್ಟಲು ಹಿಡಿದು ಪಲ್ಲಕ್ಕಿಯಲ್ಲಿ ಕೂತ್ಕೊಳ್ಳಿ. ಕೋಟೆ ಬಾಗಿಲಿಂದ ಕೆರೆ ಏರಿವರೆಗೆ ಓಬಳ ತನ್ನ ಕೂಗು ಹಾಕ್ಕೊಂಡು ಓಡಲಿ. ಬರುವಾಗ ದಳವಾಯಿಗಳೇ ಅಪ್ಪಣೆ ಕೊಡಲಿ. ಯಾರ ಸರದಿಯಲ್ಲಿ ಚೆಲ್ಲುತ್ತೋ ತಪ್ಪು ಅವರದು."

"ಓಬಳ ಆಮೆ ಹಾಗೆ ತೆವಳಿಬಿಟ್ರೆ?" ಎಂದ ಭೈರೋಜಿ.

"ನೀವು ಪಕ್ಕದಲ್ಲೇ ಕುದುರೆ ಮೇಲೆ ಬನ್ನಿ. ಕುದುರೆ ಓಡೋ ಹಾಗೆ ಅವನು ಓಡಬೇಕು. ನಿಮ್ಮ ಸರದಿಗೆ ಬೇಕಾದ್ರೆ ನೀವು ಆಮೆ ನಡಿಗೆಯಲ್ಲೇ ಬನ್ನಿ, ಯಾರೂ ಕೇಳೋಲ್ಲ."

ಭೈರೋಜಿಗೆ ಒಳಗೊಳಗೇ ಹಿಗ್ಗು. ಓಡುವವನು ಚೆಲ್ಲದೆ, ತೆವಳುವವನು ಚೆಲ್ಲುತ್ತಾನೆಯೇ?

ಅಂಚಿಗೆ ಅರ್ಧ ಬೆರಳು ಬಿಟ್ಟು ಬಟ್ಟಲು ತುಂಬಿಸಿದರು. ನಾಯಕರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತರು. ಓಬಳ ಮೆಲ್ಲಗೆ "ಹೋ ಹುಂ" ಎಂದ. ಪಲ್ಲಕ್ಕಿ ಕದಲಿದ್ದೇ ತಿಳಿಯಲಿಲ್ಲ. ಕೂಗು ಏರಿತು, ಕಾಲು ಬಿರುಸಾಯಿತು. ಸಂತೆ ಬೀದಿ ಹಿಂದೆ ಬಿತ್ತು, ಕುದುರೆಗೆ ಏದುಸಿರು ಬಂತು. ಮಜ್ಜಿಗೆ ತೊಟ್ಟಿಲ ಕೂಸಿನ ಹಾಗೆ ಬಟ್ಟಲಲ್ಲೇ ಮಲಗಿತ್ತು. ಕೆರೆ ಏರಿ ಕಾಣುತ್ತಲೇ ಕೂಗು ಇಳಿಯಿತು, ಓಟ ನಡಿಗೆಯಾಯಿತು, ಪಲ್ಲಕ್ಕಿ ನಿಂತಿತು. ಒಂದು ಹನಿಯೂ ಚೆಲ್ಲಲಿಲ್ಲ.

"ಈಗ ನನ್ನ ಸರದಿ" ಎಂದು ಭೈರೋಜಿ ಕುದುರೆಯಿಂದಿಳಿದು ಗಂಟಲು ಸರಿಮಾಡಿಕೊಂಡ. "ಯಾರೂ ಕೂಗು ಹಾಕಕೂಡದು! ಓಡಕೂಡದು! ನಡೀರಿ!"

ಬೋಯಿಗಳು ಅಪ್ಪಣೆಯಂತೆ ಆ ಕ್ಷಣವೇ ಹೆಜ್ಜೆ ಇಟ್ಟರು. ಕಾಲು ಭಾಗ ಮಜ್ಜಿಗೆ ನಾಯಕರ ತೊಡೆಗೆ ಬಿತ್ತು.

ಭೈರೋಜಿ ಗಾಬರಿಯಾಗಿ ಕಿರುಚಿದ: "ನಿಲ್ಲಿ! ನಿಲ್ಲಿ!"

ಎತ್ತಿದ ಕಾಲು ಎತ್ತಿದ ಹಾಗೇ ನಿಂತರು. ಉಳಿದ ಮಜ್ಜಿಗೆ ಬಟ್ಟಲು ಬಿಟ್ಟು ಮುಂದಕ್ಕೆ ಹಾರಿತು. ಪಲ್ಲಕ್ಕಿಯ ಮುಂದೆ ಅಡ್ಡ ಬಂದಿದ್ದ ಭೈರೋಜಿಯ ಮೀಸೆಗೆ ಅರ್ಧ, ನಾಯಕರ ಜರತಾರಿ ಪಂಚೆಗೆ ಅರ್ಧ ಸಂದಾಯವಾಯಿತು.

ಓಬಳ ಕಣ್ಣು ಮುಚ್ಚಿಕೊಂಡ.

"ಗಿರಿಯಣ್ಣ!" ನಾಯಕರು ಪಂಚೆ ಕೊಡವಿದರು. "ಕುದುರೆ ಓಟದಲ್ಲಿ ಚೆಲ್ಲದ್ದು ಆಮೆ ನಡಿಗೆಯಲ್ಲಿ ಹೇಗಯ್ಯ ಚೆಲ್ಲಿತು?"

"ಎಷ್ಟೇ ಜೋರಾಗಿ ಓಡಿ ಪ್ರಭು, ಓಟ ಒಂದೇ ಸಮ ಇದ್ರೆ ಮಜ್ಜಿಗೆಗೆ ಅದು ಗೊತ್ತೇ ಆಗೋಲ್ಲ" ಎಂದ ಗಿರಿಯಣ್ಣ. "ಅದಕ್ಕೆ ಗೊತ್ತಾಗೋದು ದಳವಾಯಿಗಳ ಅಪ್ಪಣೆ ಮಾತ್ರ!"

ನಾಯಕರು ಪಲ್ಲಕ್ಕಿ ಅಲುಗಾಡುವಷ್ಟು ನಕ್ಕರು. ಓಬಳನ ಹೆಗಲಿಗೆ ತಮ್ಮ ಶಾಲು ಹೊದಿಸಿ, "ಎಲ್ಲಿಗೆ ಹೋಗಬೇಕು ಅಂತ ಕೂತವರು ಹೇಳಲಿ. ಹೇಗೆ ಹೊರಡಬೇಕು, ಹೇಗೆ ನಿಲ್ಲಬೇಕು ಅನ್ನೋದು ಇನ್ಮೇಲೆ ನಿನ್ನ ಮಾತು" ಎಂದರು. ಓಬಳ ಅಳುತ್ತಲೇ ನಕ್ಕುಬಿಟ್ಟ.

"ಇನ್ನು ದಳವಾಯಿಗಳೇ, ಕೆರೆಯಿಂದ ಒಂದು ಕೊಡ ನೀರು ಹೊತ್ತು ತನ್ನಿ. ಈ ಪಂಚೆ ತೊಳೀಬೇಕು."

ಭೈರೋಜಿ ತಲೆ ತಗ್ಗಿಸಿ ಓಡಿದ. ಹಿಂದಿನಿಂದ ಗಿರಿಯಣ್ಣ ಕೂಗಿ ಹೇಳಿದ: "ಓಡಿದ್ರೂ ಅಡ್ಡಿಯಿಲ್ಲ ದಳವಾಯಿಗಳೇ! ಹೊರಡುವಾಗ, ನಿಲ್ಲುವಾಗ ಮಾತ್ರ ಒಂಚೂರು 'ಹೋ ಹುಂ' ಅನ್ನಿ!"