ಗೆರೆ ಮೊದಲು, ಚಾ ಆಮೇಲೆ

ನದಿ ಹೋಗಿ ಸಮುದ್ರಕ್ಕೆ ಸೇರುವ ಅಳಿವೆಯ ದಂಡೆಯಲ್ಲಿ ಹಳೆಯದೊಂದು ದೋಣಿ ಕೊಟ್ಟಿಗೆ. ಈಗ ಅದರಲ್ಲಿ ದೋಣಿಗಳಿಲ್ಲ. ವರ್ಷಕ್ಕೊಮ್ಮೆ, ಮಾಘ ಮಾಸದಲ್ಲಿ, ಚಿತ್ರ ಬರೆಯುವ ಆಸೆಯವರು ನಾಲ್ಕಾರು ಮಂದಿ ಬಂದು ಏಳು ದಿನ ಅಲ್ಲಿ ಕೂರುತ್ತಾರೆ.

ಕಲಿಸುವವರು ಮೋಹಿನಿ ಅಕ್ಕೋರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಆ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುವುದು ರೂಢಿ. ವಯಸ್ಸು ಎಪ್ಪತ್ಮೂರು, ಮಾತು ಕಡಿಮೆ, ಆಡಿದರೆ ಅದರಲ್ಲಿ ಅರ್ಧ ತಮಾಷೆ.

ಆ ವರ್ಷ ಬಂದವರು ಆರು ಜನ. ಅವರಲ್ಲೊಬ್ಬ ಗದಗಿನ ಕಡೆಯ ರೇವಣಪ್ಪ.

ರೇವಣಪ್ಪ ನೀರಾವರಿ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಕಾಲುವೆಗಳ ನಕ್ಷೆ ಬರೆದವನು. ಸ್ಕೇಲಿಲ್ಲದೆ ಗೆರೆ ಎಳೆದರೆ ಸ್ಕೇಲೇ ನಾಚಬೇಕು, ಹಾಗಿತ್ತು ಕೈ. ಹೊಸದಾಗಿ ಬಂದ ಇಂಜಿನಿಯರುಗಳನ್ನು ಅವನ ಮೇಜಿನ ಬಳಿ ಕರೆತಂದು ತೋರಿಸುತ್ತಿದ್ದರು.

ನಿವೃತ್ತಿಯಾದ ವರ್ಷವೇ ಆ ಕೈ ನಡುಗತೊಡಗಿತು. ಎರಡೂ ಕೈ. ಬಲಗೈ ಸ್ವಲ್ಪ ಹೆಚ್ಚು.

"ಜೀವಕ್ಕೇನೂ ಭಯವಿಲ್ಲ, ಇದು ಹೀಗೇ ಇರುತ್ತದೆ" ಎಂದರು ಡಾಕ್ಟರು. ಸಮಾಧಾನಕ್ಕೆ ಹೇಳಿದ ಮಾತು. ರೇವಣಪ್ಪನಿಗೆ ಅದರಲ್ಲಿ 'ಹೀಗೇ ಇರುತ್ತದೆ' ಎನ್ನುವುದಷ್ಟೇ ಕೇಳಿಸಿತು.

ಅಂದಿನಿಂದ ಅವನು ಜನರೆದುರು ಚಹಾ ಕುಡಿಯುವುದನ್ನು ಬಿಟ್ಟ.

ಊರು ಬಿಡುವಾಗ ಪೆನ್ನುಗಳ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೆಂಡತಿಗೆ ಹೇಳಿದ್ದ. "ಏಳ ದಿನಾ ನೋಡ್ತೀನಿ. ಒಂದಾದ್ರೂ ಗೆರಿ ಸರಿ ಬರಲಿಲ್ಲಂದ್ರ ಈ ಡಬ್ಬಿ ಸಮುದ್ರಕ್ಕ. ಮತ್ತ ನನ್ನ ಮುಂದ ಈ ಮಾತ ತೆಗೀಬ್ಯಾಡ."

ಕೊಟ್ಟಿಗೆಯಲ್ಲಿ ಒಂದು ಪದ್ಧತಿಯಿತ್ತು.

ಸಮುದ್ರಕ್ಕೆ ಮುಖ ಮಾಡಿ ಉದ್ದನೆಯ ದೋಣಿ ಹಲಗೆಯೊಂದನ್ನು ಮೇಜಿನಂತೆ ನಿಲ್ಲಿಸಿದ್ದರು. ಅದರ ಮೇಲೆ ಉದ್ದಕ್ಕೂ ಹಾಸಿದ ಕಾಗದದ ಸುರುಳಿ. ಬೆಳಿಗ್ಗೆ ಎದ್ದವರು ಒಬ್ಬೊಬ್ಬರಾಗಿ ಅಲ್ಲಿ ನಿಂತು, ದೂರದಲ್ಲಿ ಸಮುದ್ರ ಆಕಾಶಕ್ಕೆ ತಾಗುವ ಅಂಚನ್ನು ನೋಡಿ, ಒಂದು ಗೇಣು ಗೆರೆ ಎಳೆಯಬೇಕು. ಹಿಂದಿನವರು ಬಿಟ್ಟಲ್ಲಿಂದ ಮುಂದಿನವರದು ಶುರು. ಏಳು ದಿನಕ್ಕೆ ಎಲ್ಲರದೂ ಸೇರಿ ಒಂದೇ ಗೆರೆ.

"ಗೆರೆ ಮೊದಲು, ಚಾ ಆಮೇಲೆ" ಎಂದರು ಅಕ್ಕೋರು, ಎಲ್ಲರೂ ಬಂದಿಳಿದ ಸಂಜೆಯೇ. "ಸ್ಕೇಲು, ರಬ್ಬರು ಯಾವುದೂ ಬೇಡ. ಕಂಡದ್ದನ್ನು ಹಾಕಿ, ಸಾಕು."

ಮರುದಿನ, ಶಿಬಿರದ ಮೊದಲ ಬೆಳಿಗ್ಗೆ, ಎಲ್ಲರಿಗಿಂತ ಮುಂಚೆ ಎದ್ದವನು ರೇವಣಪ್ಪ.

ಮಂಜು ಇನ್ನೂ ನೀರಿನ ಮೇಲೇ ಇತ್ತು. ಅವನು ಅತ್ತಿತ್ತ ನೋಡಿದ. ಅಂಗಿಯ ಜೇಬಿನಿಂದ ಆರಿಂಚಿನ ಸ್ಟೀಲ್ ಸ್ಕೇಲು ತೆಗೆದು ಕಾಗದದ ಮೇಲಿಟ್ಟು, ಪೆನ್ನನ್ನು ಅದಕ್ಕೆ ಒತ್ತಿ ಹಿಡಿದು ಎಳೆದ. ಒಂದು ಗೇಣಿಗೆ ಆರಿಂಚು ಸಾಲದು. ಸ್ಕೇಲನ್ನು ಒಮ್ಮೆ ಮುಂದೆ ಸರಿಸಿ ಮಿಕ್ಕದ್ದನ್ನು ಮುಗಿಸಿದ. ಗೆರೆ ನೆಟ್ಟಗೆ ಬಂತು.

ಸ್ಕೇಲನ್ನು ಬೇಗ ಜೇಬಿಗೆ ಸೇರಿಸಿ ಮತ್ತೊಮ್ಮೆ ಅತ್ತಿತ್ತ ನೋಡಿದ. ಆದರೂ ಗೆರೆ ನೆಟ್ಟಗಿತ್ತಲ್ಲ.

ಅಕ್ಕೋರು ಬಂದು ನೋಡಿದರು. "ಚೆಂದ ಇದೆ. ಚಾ ಕುಡಿ" ಎಂದರು.

ಅವನು ಲೋಟ ತೆಗೆದುಕೊಂಡು ಕೊಟ್ಟಿಗೆಯ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ ಕುಡಿದ. ಅರ್ಧ ಅಂಗಿಯ ಪಾಲಾಯಿತು.

ಎರಡನೆಯ ದಿನವೂ ಹೀಗೇ ಆಯಿತು, ಮೂರನೆಯ ದಿನವೂ ಅಷ್ಟೇ. ಹಗಲೆಲ್ಲ ಉಳಿದವರು ಬಲೆ, ಬಂಡೆ, ಏಡಿ ಎಂದು ಬರೆಯುತ್ತಿದ್ದರೆ ಅವನು ಮಡಿಲಲ್ಲಿ ಕಾಗದವಿಟ್ಟುಕೊಂಡು ನಿದ್ದೆ ಬಂದವನಂತೆ ಕಣ್ಣುಮುಚ್ಚಿ ಕೂತಿರುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ ಚಹಾದ ಕೆಟಲು ಹಿಡಿದು ಗಣಪು ಅಂಬಿಗ ಬಂದ. ಜನರನ್ನು ಅಳಿವೆ ದಾಟಿಸುವ ದೋಣಿ ಅವನದು. ಶಿಬಿರದ ದಿನಗಳಲ್ಲಿ ಅಡುಗೆಯೂ ಅವನದೇ. ಕೆಟಲು ಕೆಳಗಿಟ್ಟು, ಸುಮ್ಮನೆ ಆಟಕ್ಕೆಂಬಂತೆ, ಸುರುಳಿಯ ಗೆರೆಯ ಮೇಲೆ ತೋರುಬೆರಳಿಟ್ಟು ದೋಣಿಯಂತೆ ನಡೆಸಿದ. ಒಬ್ಬರ ಗೆರೆಯಲ್ಲಿ ಏರಿದ, ಇನ್ನೊಬ್ಬರದರಲ್ಲಿ ಇಳಿದ. ರೇವಣಪ್ಪನ ಗೇಣು ಬಂದಾಗ ಬೆರಳೆತ್ತಿದ.

"ಅಕ್ಕೋರೆ, ಇಲ್ಲಿ ದೋಣಿ ಹೋಗೂದಿಲ್ಲ."

"ಎಂತಕ್ಕೆ?"

"ಇಲ್ಲಿ ನೀರಿಲ್ಲ."

ಎಲ್ಲರೂ ನಕ್ಕರು. ಅವರದು ಕೆಟ್ಟ ನಗುವಲ್ಲ, ಆದರೆ ರೇವಣಪ್ಪನ ಮುಖಕ್ಕೆ ರಕ್ತ ನುಗ್ಗಿತು.

"ಮೂವತ್ನಾಕ ವರ್ಷ ನೀರ ಬರದಾಂವ ನಾನು" ಎಂದ. "ಸಮುದ್ರದ ಅಂಚು ನೆಟ್ಟಗ ಇರತೈತಿ. ಸಾಲಿ ಹುಡುಗರೂ ಬಲ್ಲರು."

ಅಕ್ಕೋರು ಬಗ್ಗಿ ಗೆರೆಯನ್ನು ನೋಡಿದರು. ಒಂದು ಕಡೆ, ಸ್ಕೇಲು ಸರಿಸಿದ ಜಾಗದಲ್ಲಿ, ಶಾಯಿ ಸಾಸಿವೆಯಷ್ಟು ದಪ್ಪವಾಗಿ ನಿಂತಿತ್ತು. ಅದರ ಮೇಲೆ ಬೆರಳಿಟ್ಟರು.

"ಇಲ್ಲಿ ಎಂತ ಕಂಡಿತು ನಿಂಗೆ?"

"ಅದು… ಹಡಗ್ರೀ. ದೂರ ಒಂದು ಹಡಗಿತ್ತು."

"ಹೌದಾ." ಅಕ್ಕೋರು ಮೊದಲ ದಿನದ ಗೇಣಿಗೆ ಹೋದರು, ಎರಡನೆಯದಕ್ಕೆ, ಮೂರನೆಯದಕ್ಕೆ. ಎಲ್ಲ ಕಡೆಯೂ ಆರಿಂಚಿಗೆ ಸರಿಯಾಗಿ ಅದೇ ಚುಕ್ಕೆ. "ಪಾಪ, ನಾಲ್ಕು ದಿನದಿಂದ ನಿಂತಲ್ಲೇ ನಿಂತಿದೆ ಹಡಗು. ಡೀಸೆಲ್ ಮುಗೀತೋ ಎಂತೋ."

ಹಾಗೆಂದು ಅವನ ಲೋಟ ತುಂಬಿಸಿದರು. ರೇವಣಪ್ಪ ಲೋಟ ಮುಟ್ಟಲಿಲ್ಲ.

ಐದನೆಯ ಬೆಳಿಗ್ಗೆ ಅವನು ಗೆರೆ ಹಾಕಲಿಲ್ಲ. ಉಳಿದವರು ಅವನದೊಂದು ಗೇಣು ಖಾಲಿ ಬಿಟ್ಟು ಮುಂದುವರಿಸಿದರು. ಅವನಿಗೆ ಚಹಾ ಇಲ್ಲ. ಅವನು ಕೇಳಲೂ ಇಲ್ಲ.

"ಇವತ್ತು ನೀರಿನ ಮೇಲೆ ಪಾಠ" ಎಂದರು ಅಕ್ಕೋರು. ಎಲ್ಲರೂ ದೋಣಿ ಹತ್ತಿದರು.

ಗಣಪು ಹುಟ್ಟು ಹಾಕುತ್ತಿದ್ದಂತೆ ಹುಟ್ಟು ಕೂರಿಸುವ ಗೂಟ ಲಟಲಟ ಅಲ್ಲಾಡಿತು. ಅಕ್ಕೋರು ರೇವಣಪ್ಪನ ಕಡೆ ಕೈ ಚಾಚಿದರು.

"ಆ ಸ್ಕೇಲು ಕೊಡು."

"ಯಾವ ಸ್ಕೇಲ್ರೀ?"

"ಜೇಬಲ್ಲಿದ್ಯಲ್ಲ, ಅದು."

ಅವನು ಕೊಟ್ಟ. ಅಕ್ಕೋರು ಅದನ್ನು ಗೂಟದ ಸಂದಿಗೆ ತುರುಕಿ, ಕಲ್ಲಿನಿಂದ ಎರಡು ಏಟು ಹೊಡೆದರು. ಗೂಟ ಅಲ್ಲಾಡುವುದನ್ನು ನಿಲ್ಲಿಸಿತು.

ಅಳಿವೆಯ ನಡುವೆ ಗಣಪು ಕಲ್ಲು ಇಳಿಬಿಟ್ಟು ದೋಣಿ ನಿಲ್ಲಿಸಿದ. ಅಲ್ಲಿ ಸಿಹಿನೀರು ಉಪ್ಪುನೀರು ಕೂಡುತ್ತಿದ್ದವು. ದೋಣಿ ನಿಂತಲ್ಲೇ ಮೆಲ್ಲಗೆ ಏರುತ್ತ ಇಳಿಯುತ್ತ ಇತ್ತು. ಮಂಜಿನಲ್ಲಿ ಆಚೆ ದಂಡೆಯ ತೆಂಗಿನ ಮರಗಳಿಗೆ ಬುಡವೇ ಇರಲಿಲ್ಲ. ಆ ಹೊತ್ತಿನಲ್ಲಿ ಅವರೆಲ್ಲ ಒಂದೇ ಕನಸಿನೊಳಗೆ ಕೂತಂತಿತ್ತು.

"ದಂಡೆ ಬರೀರಿ" ಎಂದರು ಅಕ್ಕೋರು.

ಬರೆದರು. ಆರು ಜನರ ಗೆರೆಗಳೂ ನಡುಗಿದವು. ಯಾವುದು ಯಾರದೆಂದು ಬರೆದವರಿಗೇ ಗುರುತು ಹತ್ತಲಿಲ್ಲ. ಪಕ್ಕದವನು ರೇವಣಪ್ಪನ ಹಾಳೆ ನೋಡಿ, "ನಿಮ್ಮದು ಭಾಳ ಚಲೋ ಬಂತು" ಎಂದ.

ರೇವಣಪ್ಪನಿಗೆ ಒಂದು ಗಳಿಗೆ ಮನಸ್ಸು ಹಗುರಾಯಿತು. ಒಂದೇ ಗಳಿಗೆ.

ದಂಡೆಗೆ ಬಂದು ಎಲ್ಲರೂ ಇಳಿದು ಹೋದ ಮೇಲೂ ಅವನು ದೋಣಿಯಲ್ಲೇ ಕೂತಿದ್ದ. ಅಕ್ಕೋರೂ ಕೂತಿದ್ದರು.

"ನೀವು ಯಾಕ ಕರಕೊಂಡ ಹೋದ್ರಿ ಅಂತ ನನಗ ತಿಳೀತ್ರೀ" ಎಂದ. "ದೋಣ್ಯಾಗ ಎಲ್ಲಾರ ಕೈನೂ ನಡಗತಾವ. ದಂಡಿಗೆ ಇಳದ ಮ್ಯಾಲೆ? ನಂದೊಂದ ನಡಗತೈತಿ."

ಅಕ್ಕೋರು ಗೂಟದ ಸಂದಿಯ ಸ್ಕೇಲನ್ನು ಬೆರಳಿನಿಂದ ಒತ್ತಿ ನೋಡಿದರು.

"ಸಣ್ಣ ಹುಡುಗಗ ಪೆಪ್ಪರಮಿಂಟ್ ಕೊಟ್ಟಂಗ ಕೊಟ್ರಿ. ನನಗದು ಬ್ಯಾಡ್ರೀ." ಎಂದ. ಹೆಂಡತಿಗೆ ಹೇಳಿ ಬಂದ ಮಾತನ್ನೂ, ಪೆನ್ನಿನ ಡಬ್ಬಿಯ ವಿಷಯವನ್ನೂ ಹೇಳಿಬಿಟ್ಟ. "ಹೆಂಗೂ ದೋಣಿ ಐತಿ. ಗಣಪುಗ ಹೇಳ್ರಿ, ಈಗ ಸಮುದ್ರದಾಗ ಹೋಗಿ ಒಗದ ಬರ್ತೀನಿ."

"ಏಳು ದಿನ ಅಂದಿದ್ಯಲ್ಲ?"

"ಹೂಂ."

"ಇವತ್ತು ಐದು."

"ಎರಡ ದಿನದಾಗ ಏನ ಆಗತೈತ್ರೀ?"

"ಎಂತ ಆಗ್ತದೋ ನಂಗೆಂತ ಗೊತ್ತು. ಏಳನೇ ದಿನ ಬಿಸಾಡು, ನಾನೇ ದೋಣಿ ತೆಗೆಸ್ತೇನೆ. ಆದ್ರೆ ಗೆರೆ ಹಾಕಿ ಬಿಸಾಡು. ಗೆರೆ ಮೊದಲು."

ಅಷ್ಟು ಹೇಳಿ ಸೀರೆ ಎತ್ತಿಕಟ್ಟಿ ನೀರಿಗಿಳಿದು ನಡೆದೇಬಿಟ್ಟರು.

ಆರನೆಯ ದಿನ ರೇವಣಪ್ಪ ಪೆನ್ನು ಮುಟ್ಟಲಿಲ್ಲ. ಸಿಟ್ಟು ಇತ್ತು, ಹೋಗಲು ಬೇರೆ ಜಾಗವಿರಲಿಲ್ಲ. ಬೆಳಿಗ್ಗೆಯೇ ಹಲಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಮಾಡಲು ಏನೂ ಇಲ್ಲದ್ದರಿಂದ ಸಮುದ್ರದ ಅಂಚನ್ನು ನೋಡಿದ.

ಅದು ನೆಟ್ಟಗೇ ಇತ್ತು. ತುಂಬ ಹೊತ್ತು ನೆಟ್ಟಗೇ ಇತ್ತು.

ಬಿಸಿಲು ಏರಿತು. ಕಣ್ಣು ಬೇಸತ್ತಿತು. ಆಮೇಲೆ ಯಾವಾಗಲೋ, ನಿದ್ದೆಗೂ ಎಚ್ಚರಕ್ಕೂ ನಡುವೆ, ಆ ಅಂಚು ಅಲುಗಿತು.

ರೇವಣಪ್ಪ ಕಣ್ಣುಜ್ಜಿಕೊಂಡ. ಮತ್ತೆ ನೋಡಿದ. ಅಲ್ಲೊಂದು ಕಡೆ ಉಬ್ಬಿ ಇಳಿಯಿತು. ಇನ್ನೊಂದು ಕಡೆ ಬೆಳಕು ಬಿದ್ದು ತುಂಡಾಯಿತು, ಕೂಡಿಕೊಂಡಿತು. ಎಡದ ತುದಿಯಿಂದ ಬಲದ ತುದಿಯವರೆಗೆ ಒಂದು ಕೂದಲಿನಷ್ಟು ಜಾಗವೂ ಸುಮ್ಮನಿರಲಿಲ್ಲ.

ಮೂವತ್ನಾಲ್ಕು ವರ್ಷ ಅವನು ನೀರನ್ನು ಎರಡು ನೆಟ್ಟನೆಯ ಗೆರೆಗಳ ನಡುವೆ ಹಾಕಿದ್ದ. ನೀರು ಏನು ಮಾಡುತ್ತದೆಂದು ಒಂದು ದಿನವೂ ಕೂತು ನೋಡಿರಲಿಲ್ಲ. ಅದು ಈಗ ಹೊಳೆದು ಅವನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಊಟಕ್ಕೆ ಕರೆದರೆ ಹೋಗಲಿಲ್ಲ. ಹೊತ್ತು ಮುಳುಗಿ ಅಂಚು ಕಾಣದಾಗುವವರೆಗೂ ಅಲ್ಲೇ ಇದ್ದ. ಅಕ್ಕೋರು ಎರಡು ಸಲ ಆ ಕಡೆ ಹಾದುಹೋದರು.

ಏಳನೆಯ ಬೆಳಿಗ್ಗೆ ಅವನು ಎಲ್ಲರಿಗಿಂತ ಕೊನೆಗೆ ಬಂದ. ಬಗಲಲ್ಲಿ ಪೆನ್ನಿನ ಡಬ್ಬಿಯಿತ್ತು. ಐದೂ ಜನರ ಗೆರೆಗಳಾಗಿದ್ದವು. ಸುರುಳಿಯಲ್ಲಿ ಇನ್ನು ಒಂದು ಗೇಣು ಕಾಗದ ಉಳಿದಿತ್ತು.

ಜೇಬಿನಲ್ಲಿ ಸ್ಕೇಲಿಲ್ಲ. ಸುತ್ತ ಎಲ್ಲರೂ ನಿಂತಿದ್ದರು. ದೋಣಿಯನ್ನು ಹೊರಡಲು ಸಜ್ಜು ಮಾಡಿಟ್ಟು ಗಣಪುವೂ ಬಂದು ನಿಂತಿದ್ದ.

ರೇವಣಪ್ಪ ಡಬ್ಬಿ ತೆರೆದು ಒಂದು ಪೆನ್ನು ತೆಗೆದ. ಕೈ ನಡುಗಿತು. ಕೈಯ ಮೇಲಿದ್ದ ನೋಟವನ್ನು ಕಿತ್ತು ಸಮುದ್ರದತ್ತ ನೆಟ್ಟ. ಅಂಚು ಉಬ್ಬಿದಲ್ಲಿ ಗೆರೆ ಉಬ್ಬಿಸಿದ, ಇಳಿದಲ್ಲಿ ಇಳಿಸಿದ, ಬೆಳಕು ತುಂಡಾದಲ್ಲಿ ಪೆನ್ನೆತ್ತಿ ಮತ್ತೆ ಇಟ್ಟ. ಒಂದು ಗೇಣು ಗೆರೆಗೆ ಹತ್ತಿರಹತ್ತಿರ ಕಾಲು ಗಂಟೆ ಹಿಡಿಯಿತು.

ಯಾರೂ ಕರೆಯದೆಯೇ ಗಣಪು ಮುಂದೆ ಬಂದು ಆ ಗೆರೆಯ ಮೇಲೆ ಬೆರಳಿಟ್ಟ. ಬೆರಳು ಹೊರಟಿತು. ಏರಿತು, ತೂಗಿತು, ಇಳಿಯಿತು. ಕಾಗದ ಮುಗಿದು ಹಲಗೆ ಬಂದರೂ ನಿಲ್ಲಲಿಲ್ಲ. ಹಲಗೆಯ ತುದಿ ದಾಟಿ ಗಾಳಿಯಲ್ಲಿ ಎರಡು ಗೇಣು ಹೋಗಿ ನಿಂತಿತು.

"ನೀರು ಆಳ ಇದೆ ಇಲ್ಲಿ" ಎಂದ ಗಣಪು.

ಅಕ್ಕೋರು ಚಹಾ ಬಗ್ಗಿಸಿದರು. ಲೋಟದ ಕಂಠದವರೆಗೂ ತುಂಬಿಸಿ ರೇವಣಪ್ಪನ ಎಡಗೈಗೆ ಕೊಟ್ಟರು. ಬಲಗೈಯಲ್ಲಿ ಪೆನ್ನು ಇನ್ನೂ ಇತ್ತು. ಕೊಟ್ಟಿಗೆಯ ಹಿಂದೆ ಹೋಗಬೇಕೆಂಬುದು ಅವನಿಗೆ ನೆನಪಾಗಲಿಲ್ಲ.

"ಅಕ್ಕೋರ, ಒಂದ ಮಾತ ಹೇಳ್ರಿ" ಎಂದ. "ಇದನ್ನ ನೋಡಿ ಬರದ್ನೋ, ನಡಗಿ ಬರದ್ನೋ? ನನಗ ತಿಳೀವಲ್ದು."

ಅಕ್ಕೋರು ಅವನ ಲೋಟದ ಕಡೆ ನೋಡುತ್ತಿದ್ದರು. ರೇವಣಪ್ಪನೂ ನೋಡಿದ. ಕೈ ನಡುಗಿದಂತೆ ಚಹಾ ಅಂಚಿನಿಂದ ಅಂಚಿಗೆ ಸಣ್ಣಸಣ್ಣ ತೆರೆಯಾಗಿ ಓಡಾಡುತ್ತಿತ್ತು. ಮೇಲಿನ ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ಅದರಲ್ಲಿ ತುಂಡಾಗುತ್ತ ಕೂಡುತ್ತ ಇತ್ತು.

"ದಂಡಿ ಮ್ಯಾಲೆ ನಿಂತೀನಿ" ಎಂದ ಅವನು, ತನಗೇ ಹೇಳಿಕೊಂಡಂತೆ. "ಆದ್ರೂ ಇದು ನಿಲ್ಲವಲ್ದು."

"ಹಾಗಾದ್ರೆ ಇನ್ನೂ ಕುಡಿಬೇಡ" ಎಂದರು ಅಕ್ಕೋರು. "ಮೊದಲು ಅದನ್ನ ಬರಿ."